ಸೋತವರ ಪೆಟ್ಟಿಗೆ

"ಒಳಗೆ ಬರಲ್ಲ ಅಂತ ಹೇಳಕ್ಕಾ ಅವನಿಗೆ," ಎಂದ ನಾರ್ದು, ಹೊಸ್ತಿಲಿನ ಆಚೆಗೇ ನಿಂತು.

"ನಂಗೂ ಕಿವಿ ಇದೆ. ಬಂದ ಕೆಲಸ ಅಲ್ಲೇ ನಿಂತು ಹೇಳು ಅನ್ನು," ಎಂದು ಒಳಗಿನಿಂದ ವೆನ್ಸು ಕೂಗಿದ. ಮರ ಹೆರೆಯುವ ಉಜ್ಜುಗೊರಡಿನ ಸದ್ದು ಮಾತ್ರ ನಿಲ್ಲಲಿಲ್ಲ.

ನಡುವೆ ಫಿಲುಮೆನಾ ನಿಂತಿದ್ದಳು, ಸೊಂಟದ ಮೇಲೆ ಹಸಿ ಅವರೆಯ ಬುಟ್ಟಿ. ಆಚೆ ಇರುವವನು ಬೆನ್ನಿಗೆ ಬಿದ್ದ ತಮ್ಮ, ಈಚೆ ಇರುವವನು ಕೈಹಿಡಿದ ಗಂಡ. ತಮ್ಮ ಈ ಮನೆಯ ಹೊಸ್ತಿಲು ತುಳಿಯದೆ ಮೂವತ್ತು ವರ್ಷವಾಗಿತ್ತು. ಅಕ್ಕನನ್ನು ನೋಡಬೇಕೆನಿಸಿದರೆ ಚರ್ಚಿನ ಮೆಟ್ಟಿಲ ಹತ್ತಿರ ಕಾದು ಮಾತಾಡಿಸಿ ಹೋಗುತ್ತಿದ್ದ. ಇವತ್ತು ಬಾಗಿಲಿಗೇ ಬಂದಿದ್ದಾನೆಂದರೆ ಸಣ್ಣ ಕೆಲಸಕ್ಕಲ್ಲ ಎಂದು ಅವಳಿಗೆ ಹೊಳೆದಿತ್ತು. ಕೊರಳಲ್ಲಿ ತನ್ನೂರ ತಂಡದ ಹಳದಿ ವಸ್ತ್ರ, ಗಂಟಲು ಕೂಗಿ ಕೂಗಿ ಕಟ್ಟಿಹೋಗಿದೆ, ಮುಖದಲ್ಲಿ ಮಾತ್ರ ಮದುಮಗನ ಕಳೆ.

ಕಳೆ ಇರದೆ ಏನು? ಹಿಂದಿನ ಭಾನುವಾರ ಫುಟ್ಬಾಲ್ ಲೀಗಿನ ಕೊನೆಯ ಪಂದ್ಯದಲ್ಲಿ ಸಾನ್ ರೋಕ್ಕು ತಂಡ ತಾಲ್ಬೀರ್ ತಂಡವನ್ನು ಒಂದೇ ಗೋಲಿನಿಂದ ಸೋಲಿಸಿ, ಹುಟ್ಟಿದಾಗಿನಿಂದ ಮೊದಲ ಸಲ ಇಡೀ ಮಾಲ್ಟಾ ದ್ವೀಪಕ್ಕೆ ಚಾಂಪಿಯನ್ ಆಗಿತ್ತು. ಎರಡೂರುಗಳ ನಡುವೆ ಇರುವುದು ನಾಲ್ಕು ಕಲ್ಲುಗೋಡೆ ಹೊಲ, ಒಂದು ಕ್ಯಾರಬ್ ಮರ. ಫಿಲುಮೆನಾ ಹುಟ್ಟಿದ್ದು ಸಾನ್ ರೋಕ್ಕುವಿನಲ್ಲಿ, ಸೇರಿದ್ದು ತಾಲ್ಬೀರಿಗೆ. ಆ ಭಾನುವಾರ ರೇಡಿಯೋದಲ್ಲಿ ಗೋಲು ಕೇಳಿದಾಗ ಅವಳು ಅಡುಗೆಮನೆಗೆ ಹೋಗಿ, ಗಂಡನಿಗೆ ಕಾಣದ ಹಾಗೆ ಏಪ್ರನ್ನಿನ ಅಂಚನ್ನು ಬಾಯಿಗೆ ಒತ್ತಿಕೊಂಡು ಒಂದಿಷ್ಟು ಕುಣಿದು, ಮತ್ತೆ ಬಂದು ಅವನ ಪಕ್ಕ ಕೂತು, "ಪಾಪ, ಚೆನ್ನಾಗೇ ಆಡಿದ್ರು," ಎಂದಿದ್ದಳು.

"ಅಕ್ಕಾ, ವಿಷಯ ಇಷ್ಟೆ," ಎಂದ ನಾರ್ದು. "ಬರೋ ಭಾನುವಾರ ನಾವು ತಾಲ್ಬೀರ್ ತಂಡದ ಶವಯಾತ್ರೆ ತೆಗೀತೀವಿ."

"ತೆಗೀಲಿ. ಗೆದ್ದವರು ಸೋತವರ ಅಣಕು ಶವಯಾತ್ರೆ ತೆಗೆಯೋದೇ," ಎಂದ ಒಳಗಿನವನು.

"ಪೆಟ್ಟಿಗೆ ಬೇಕು."

ಉಜ್ಜುಗೊರಡು ನಿಂತಿತು.

"ನಮ್ಮೂರಲ್ಲಿ ಈಗ ಬಡಗಿ ಯಾರೂ ಉಳಿದಿಲ್ಲ," ಎಂದು ನಾರ್ದು ಅಕ್ಕನ ಮುಖವನ್ನೇ ನೋಡುತ್ತ ಹೇಳಿದ. "ಹುಡುಗರು ಫ್ರಿಜ್ಜು ಬಂದಿದ್ದ ರಟ್ಟಿನ ಡಬ್ಬ ತಂದು ಕಪ್ಪು ಬಣ್ಣ ಬಳಿದಿಟ್ಟಿದಾರೆ. ಇವರು ಗೆದ್ದ ವರ್ಷ ನಮ್ಮೂರಿಗೆ ತಂದ ಪೆಟ್ಟಿಗೆಗೆ ಹಿತ್ತಾಳೆ ಹಿಡಿ ಇತ್ತು. ನಾವು ರಟ್ಟಿನ ಡಬ್ಬ ಹೊತ್ಕೊಂಡು ಬಂದ್ರೆ ಜನ ಏನಂದಾರು?"

ವೆನ್ಸು ಹೊರಗೆ ಬಂದ. ಹುಬ್ಬಿನ ತುಂಬ ಮರದ ಹೊಟ್ಟು. "ಕೇಳೇ ಅವನ್ನ, ತಾಲ್ಬೀರ್ ತಂಡನ ರಟ್ಟಿನ ಡಬ್ಬದಲ್ಲಿ ಕಳಿಸ್ಬೇಕು ಅಂತಿದ್ರಾ?"

"ಅದಕ್ಕೇ ತಾನೆ ಬಂದಿರೋದು, ಹೇಳಕ್ಕಾ."

"ನಮ್ಮ ತಂಡ ಸಾಯಲಿ, ಬೇಡ ಅನ್ನಲ್ಲ. ಮರ್ಯಾದೆಯಿಂದ ಸಾಯ್ಬೇಕು," ಎಂದ ವೆನ್ಸು. "ಮಾಡಿಕೊಡ್ತೀನಿ ಅನ್ನು."

ಫಿಲುಮೆನಾಳಿಗೆ ನಗು ಬಂತು. ನಗುವ ಹಿಂದೆಯೇ ಎದೆಯೊಳಗೆ ಹಳೆಯ ಮುಳ್ಳೊಂದು ಅಲುಗಿತು.

ಆ ಮುಳ್ಳು ಅಕ್ಕ-ತಮ್ಮನ ಅಪ್ಪ ಬಸ್ತ್ಯಾನನದು. ಬಸ್ತ್ಯಾನನಿಗೆ ಲೀಗೆಂದರೆ ಪುರಾಣ. ಸಂಜೆ ಮನೆಮಂದಿಯೆಲ್ಲ ಮಂಡಿಯೂರಿ ಜಪಮಾಲೆ ಮುಗಿಸಿದ ಮೇಲೆ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ಶುರು ಮಾಡುತ್ತಿದ್ದ. ಬ್ರಿಟಿಷ್ ಸಿಪಾಯಿಗಳು ಚೆಂಡು ಒದೆಯುವುದನ್ನು ನೋಡಿ ನೋಡಿ ನಮ್ಮವರು ಕಲಿತದ್ದು, ಮೊಟ್ಟಮೊದಲ ಲೀಗನ್ನು ಫ್ಲೋರಿಯಾನಾದವರು ಗೆದ್ದದ್ದು, ಆಮೇಲೆ ಅವರೂ ಸ್ಲೀಮಾದವರೂ ಅಣ್ಣತಮ್ಮಂದಿರು ಹೊಲ ಹಂಚಿಕೊಂಡ ಹಾಗೆ ವರ್ಷಗಟ್ಟಲೆ ಹಂಚಿಕೊಂಡು ಉಂಡದ್ದು, ಆಕಾಶದಿಂದ ಬಾಂಬು ಸುರಿದಾಗ ಲೀಗು ನಿಂತದ್ದು, ಯುದ್ಧ ಮುಗಿದು ಜನ ಇನ್ನೂ ಅರೆಹೊಟ್ಟೆಯಲ್ಲಿರುವಾಗಲೇ ಮತ್ತೆ ಚೆಂಡು ಪುಟಿದದ್ದು. ಆಗ ದ್ವೀಪದ ತಂಡಗಳಿಗೆಲ್ಲ ಗ್ಜೀರಾದ ಒಂದೇ ಮೈದಾನ. ಹುಲ್ಲಿನ ಎಸಳೂ ಇಲ್ಲದ ಗಟ್ಟಿ ನೆಲ. ಬಸ್ತ್ಯಾನ್ ಅಲ್ಲಿ ಸಾನ್ ರೋಕ್ಕುವಿನ ಗೋಲು ಕಾದವನು, ಮೊಣಕೈ ಚರ್ಮವನ್ನೆಲ್ಲ ಅಲ್ಲೇ ಬಿಟ್ಟು ಬಂದವನು. ಅವನ ಪುರಾಣದಲ್ಲಿ ಸಾನ್ ರೋಕ್ಕು ಗೆದ್ದ ಅಧ್ಯಾಯ ಮಾತ್ರ ಇರಲಿಲ್ಲ. "ದೇವರು ಎಲ್ಲರ ಮನೆಗೂ ಬರ್ತಾನೆ ಮಕ್ಕಳೇ," ಎನ್ನುತ್ತಿದ್ದ. "ನಮ್ಮ ಓಣಿ ಸ್ವಲ್ಪ ಇಕ್ಕಟ್ಟು. ಅದಕ್ಕೇ ತಡ."

ತಾಲ್ಬೀರ್ ಗೆದ್ದ ವರ್ಷ ಅವನು ಹಾಸಿಗೆ ಹಿಡಿದಿದ್ದ. ಅಳಿಯ ವೆನ್ಸುವೇ ಮಾಡಿದ ಸಾನ್ ರೋಕ್ಕುವಿನ ಪೆಟ್ಟಿಗೆ ಅವನ ಕಿಟಕಿಯ ಮುಂದೆಯೇ ಹಾದುಹೋಯಿತು. ಮೂರನೆಯ ದಿನಕ್ಕೆ ಬಸ್ತ್ಯಾನ್ ತೀರಿಕೊಂಡ. ಅಂದಿನಿಂದ ನಾರ್ದುವಿನದು ಒಂದೇ ಮಾತು, ಆ ಪೆಟ್ಟಿಗೆಯೇ ಅಪ್ಪನನ್ನು ಕರೆದೊಯ್ದಿತು. ಪೆಟ್ಟಿಗೆ ಹಾದುಹೋದ ಹೊತ್ತಿನಲ್ಲಿ ಅವನು ಬೀದಿಯಲ್ಲಿ ತಾಲ್ಬೀರಿನವರ ಜೊತೆ ಕೈಕೈ ಮಿಲಾಯಿಸುತ್ತಿದ್ದ. ಹಾಸಿಗೆಯ ಪಕ್ಕದಲ್ಲಿದ್ದವಳು ಫಿಲುಮೆನಾ. ಅವಳು ಕಂಡದ್ದನ್ನು ಹೇಳಹೋದಾಗಲೆಲ್ಲ ತಮ್ಮ ಕಿವಿ ಮುಚ್ಚಿಕೊಂಡಿದ್ದ.

"ಒಂದು ಷರತ್ತು," ಎಂದ ವೆನ್ಸು. ಈಗ ಅವನು ನೇರ ನಾರ್ದುವಿನ ಕಡೆಗೇ ತಿರುಗಿದ್ದ. "ಪೆಟ್ಟಿಗೆ ಒಳಗೆ ನಾನೇ ಮಲಗ್ತೀನಿ."

ನಾರ್ದುವಿನ ಮುಖದ ಮದುಮಗನ ಕಳೆ ಇಳಿದುಹೋಯಿತು. "ಅಕ್ಕಾ, ತಲೆ ಕೆಟ್ಟಿದೆಯಾ ಇವನಿಗೆ? ಹೋದ ಸಲ ಖಾಲಿ ಪೆಟ್ಟಿಗೆನೇ ಒಂದು ಜೀವ ತಗೊಂಡು ಹೋಯ್ತು!"

"ಅದಕ್ಕೇ ಕಣೋ. ಮೂವತ್ತು ವರ್ಷ ಅದನ್ನೇ ಹಾಡಿದೀಯ. ನಾನು ಮಲಗ್ತೀನಿ. ನಿಮ್ಮೂರ ಚೌಕದಲ್ಲಿ ಎದ್ದು ಕೂತ್ಕೊಂಡು, 'ತಾಲ್ಬೀರ್ ಇನ್ನೂ ಸತ್ತಿಲ್ಲ, ಬರೋ ವರ್ಷ ನೋಡ್ಕೊಳ್ಳಿ' ಅಂತೀನಿ. ಎದ್ರೆ, ನೀನು ಬಾಯಿ ಮುಚ್ಕೊಂಡು ನಮ್ಮನೇಲಿ ಊಟಕ್ಕೆ ಕೂರ್ಬೇಕು."

"ಏಳದೇ ಇದ್ರೆ?"

"ಏಳದೇ ಇದ್ರೆ ಪೆಟ್ಟಿಗೆ ಬಿಟ್ಟಿ."

ನಾರ್ದು ಶಿಲುಬೆಯ ಗುರುತು ಮಾಡಿಕೊಂಡ. ಫಿಲುಮೆನಾ ಕೂಡ. ಆದರೆ ರಟ್ಟಿನ ಡಬ್ಬದ ಅವಮಾನ ದೊಡ್ಡದು. ನಾರ್ದು ಕಾಲಿನಿಂದ ಕಲ್ಲೊಂದನ್ನು ಕೆದಕಿ, "ಹೂಂ ಅಂತ ಹೇಳಕ್ಕಾ," ಎಂದು ಹೊರಟುಹೋದ.

ಆ ವಾರವೆಲ್ಲ ಮನೆಯಲ್ಲಿ ಮರದ ವಾಸನೆ. ಅಳತೆಯ ಟೇಪು ಹಿಡಿಯುವ ಕೆಲಸ ಫಿಲುಮೆನಾಳದು. "ಹೊಟ್ಟೆ ಒಳಗೆ ಎಳ್ಕೋಬೇಡ್ರಿ, ಆಮೇಲೆ ಮುಚ್ಚಳ ಕೂರಲ್ಲ," ಎಂದು ಗದರಿಸಿದಳು. ಉಸಿರಾಡಲು ತಳದಲ್ಲಿ ತೂತು ಕೊರೆಯುವಾಗ, "ಇನ್ನೂ ನಾಲ್ಕು ಇರಲಿ," ಎಂದಳು. ವೆನ್ಸು ಕೊರೆದ. "ಇನ್ನೂ ನಾಲ್ಕು," ಎಂದಳು. "ಏನೇ, ಪೆಟ್ಟಿಗೆ ಮಾಡ್ತಿದೀನೋ ಜರಡಿ ಮಾಡ್ತಿದೀನೋ?" ಎಂದು ಅವನು ನಕ್ಕ. ಅವಳು ನಗಲಿಲ್ಲ. ಗಂಡ ಏಳದಿದ್ದರೆ ಎಂಬುದೊಂದು ಭಯ. ಎದ್ದರೂ ತಮ್ಮ ಮಾತು ತಪ್ಪಿದರೆ, ಆಮೇಲೆ ಈ ಜನ್ಮಕ್ಕೆ ಆ ಬಾಗಿಲು ಮುಚ್ಚಿತಲ್ಲ ಎಂಬುದು ಇನ್ನೊಂದು.

ಶುಕ್ರವಾರ ಪಾಪನಿವೇದನೆಗೆ ಹೋದವಳು ಪಾದ್ರಿ ದುನ್ ಅಲ್ವೀಜರ ಮುಂದೆ ಇದನ್ನೇ ತೋಡಿಕೊಂಡಳು.

"ಶಿಲುಬೆ ಇಡ್ತಾರೇನಮ್ಮ ಅದರ ಮೇಲೆ?" ಎಂದು ಕೇಳಿದರು ಅವರು.

"ಇಲ್ಲ ಸ್ವಾಮಿ. ಬರೀ ನಮ್ಮ ತಂಡದ ಕೆಂಪು-ಕಪ್ಪು ಬಾವುಟ."

"ಮಂತ್ರ, ಪ್ರಾರ್ಥನೆ?"

"ಇಲ್ಲ. ಬ್ಯಾಂಡು."

"ಹಾಗಿದ್ರೆ ಹೆದರಬೇಡ. ಸಾವಿಗೆ ಫುಟ್ಬಾಲ್ ಗೊತ್ತಿಲ್ಲಮ್ಮ. ಅದು ಯಾರ ಅಂಗಿ ಬಣ್ಣಾನೂ ನೋಡಲ್ಲ," ಎಂದರು ದುನ್ ಅಲ್ವೀಜ್. ಆಮೇಲೆ ಜಾಲರಿಗೆ ಮುಖ ಹತ್ತಿರ ತಂದು ಕೇಳಿದರು, "ಹಿಡಿ ಹಿತ್ತಾಳೇದೇ ತಾನೆ?"

ಭಾನುವಾರ ಇಳಿಹೊತ್ತಿಗೆ ಸಾನ್ ರೋಕ್ಕುವಿನವರು ಬ್ಯಾಂಡು ಸಮೇತ ಬಂದರು. ಪೆಟ್ಟಿಗೆಯಲ್ಲಿ ಆಳಿರುವುದು ಗೊತ್ತಿದ್ದದ್ದು ಆ ಮೂವರಿಗೆ, ಪಾದ್ರಿಗೆ ಮಾತ್ರ. ಹೊರಲು ಬಂದ ಆರು ಜನ ಹೆಗಲು ಕೊಟ್ಟೊಡನೆ ಗೊಣಗಿದರು.

"ಏನಿದೆಯೋ ನಾರ್ದು ಇದರಲ್ಲಿ? ಇವರು ತಿಂದ ಗೋಲೆಲ್ಲ ತುಂಬಿಟ್ಟಿದಾರಾ?"

"ಗಟ್ಟಿ ಮರ ಕಣ್ರೋ. ನಡೀರಿ, ನಡೀರಿ," ಎಂದ ನಾರ್ದು. ಅವನ ಹಣೆ ಬೆವೆತಿತ್ತು. ಹೆಜ್ಜೆಗೊಮ್ಮೆ ಪೆಟ್ಟಿಗೆಯ ತಳಕ್ಕೆ ಕಿವಿ ಕೊಡುತ್ತಿದ್ದ.

ತಾಲ್ಬೀರಿನ ಬಾಲ್ಕನಿಗಳಿಂದ ಬೈಗಳ ಜೊತೆ ನೀರೂ ಬಿತ್ತು. "ಲೇ ರೋಕ್ಕುಗಳಾ, ನೂರು ವರ್ಷಕ್ಕೊಂದ್ಸಲ ಹೂ ಬಿಡೋ ಕಳ್ಳಿ ನೀವು! ಮುಂದಿನ ಸಲಕ್ಕೆ ಯಾರು ಬದುಕಿರ್ತೀರೋ!" ಕೆಳಗಿನವರು ಮೇಲೆ ನೋಡಿ, ತುಟಿಗೆ ಕೈಯಿಟ್ಟು ಮುತ್ತು ತೂರಿದರು.

ಪೆಟ್ಟಿಗೆಯ ಹಿಂದೆ ಫಿಲುಮೆನಾ ಕಪ್ಪು ಮುಸುಕು ಹೊದ್ದು, ಬೆರಳುಗಳ ನಡುವೆ ಜಪಮಾಲೆ ಉರುಳಿಸುತ್ತ, ಕಣ್ಣು ಒರೆಸಿಕೊಳ್ಳುತ್ತ ನಡೆದಳು. ಸೋತ ತಂಡಕ್ಕೊಬ್ಬ ವಿಧವೆ ಬೇಕೆಂದು ಮೀಸೆಯ ಗಂಡಸೊಬ್ಬನಿಗೆ ಲಂಗ ತೊಡಿಸಿ ತಂದಿದ್ದರು. ಇವಳನ್ನು ಕಂಡು ಜನ ಅವನನ್ನು ಮರೆತರು. "ಅಬ್ಬಾ, ಎಂಥ ಪಾತ್ರ! ನಿಜವಾದ ಕಣ್ಣೀರು ಕಣೋ!" ಎಂದು ಗೋಡೆ ಹತ್ತಿ ಚಪ್ಪಾಳೆ ತಟ್ಟಿದರು. ಅವಳು ಕೇಳಿಸಿಕೊಳ್ಳಲಿಲ್ಲ. ಹೊಲದ ನಡುವಿನ ಹಾದಿಯಲ್ಲಿ ಇಡೀ ಜಪಮಾಲೆ ಒಮ್ಮೆ ಮುಗಿದು ಎರಡನೆಯ ಸುತ್ತು ನಡೆದಿತ್ತು.

ಸಾನ್ ರೋಕ್ಕುವಿನ ಚೌಕದಲ್ಲಿ ಪೆಟ್ಟಿಗೆ ಇಳಿಸಿದರು. ಬ್ಯಾಂಡು ನಿಂತಿತು. ಮಾತಾಗಿದ್ದಂತೆ ನಾರ್ದು ಮುಚ್ಚಳದ ಮೇಲೆ ಮೂರು ಸಲ ತಟ್ಟಿದ. ಏನೂ ಇಲ್ಲ. ಮತ್ತೆ ತಟ್ಟಿದ.

"ಯಾಕೋ ನಾರ್ದು, ಒಳಗಿರೋರು ಬಾಗಿಲು ತೆಗೀತಾರಾ?" ಎಂದು ಯಾರೋ ಕೂಗಿದರು. ಜನ ನಕ್ಕರು.

ನಾರ್ದು ಅಕ್ಕನ ಕಡೆ ನೋಡಿದ. ಅವಳ ತುಟಿ ಅಲುಗುವುದು ನಿಂತಿತ್ತು. ಅವನು ಮಂಡಿಯೂರಿ ಬಿದ್ದು ಮುಚ್ಚಳಕ್ಕೆ ಬಾಯಿಟ್ಟು, "ಭಾವಾ," ಎಂದ. ಆಮೇಲೆ ಊರೆಲ್ಲ ಕೇಳುವ ಹಾಗೆ, "ಭಾವಾ! ಭಾವಯ್ಯಾ!" ಎಂದು ಅರಚುತ್ತ ಎರಡೂ ಕೈಯಿಂದ ಮುಚ್ಚಳ ಎತ್ತಿ ಎಸೆದ.

ಒಳಗೆ ಕೆಂಪು-ಕಪ್ಪು ಅಂಗಿ ತೊಟ್ಟ ವೆನ್ಸು ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ. ಮಧ್ಯಾಹ್ನದ ಮೊಲದ ಸಾರು, ಅದರ ಮೇಲೆ ಎರಡು ಲೋಟ ವೈನು, ಆಮೇಲೆ ಆರು ಜನರ ಹೆಗಲಿನ ತೂಗಾಟ. ತೊಟ್ಟಿಲ ಕೂಸೂ ಇಷ್ಟು ಸುಖವಾಗಿ ಮಲಗದು.

ನಾರ್ದು ಅವನ ಕೆನ್ನೆಗೆ ತಟ್ಟಿದ, ಸ್ವಲ್ಪ ಜೋರಾಗಿಯೇ. ವೆನ್ಸು ಕಣ್ಣು ಬಿಟ್ಟು, ಎದ್ದು ಕೂತು, ಸುತ್ತಲಿನ ಹಳದಿ ಜನಸಾಗರ ನೋಡಿ ಕಕ್ಕಾಬಿಕ್ಕಿಯಾದ. ಹೇಳಬೇಕಾದ ಮಾತು ಮರೆತುಹೋಗಿತ್ತು. "ಏನು, ನಾವು ಗೆದ್ವಾ?" ಎಂದ.

ಚೌಕ ಬಿದ್ದು ಬಿದ್ದು ನಕ್ಕಿತು. ಡೋಲು ಹಿಡಿದವನು ಡೋಲಿನ ಮೇಲೇ ಒರಗಿದ. ನಾರ್ದು ಮಾತ್ರ ಪೆಟ್ಟಿಗೆಯ ಅಂಚಿಗೆ ಹಣೆ ಊರಿಕೊಂಡು ಕೂತಿದ್ದ. ಅವನ ಬೆನ್ನು ಅಲುಗುತ್ತಿತ್ತು. ನಗುವೋ ಅಳುವೋ ಫಿಲುಮೆನಾಳಿಗೆ ತಿಳಿಯಲಿಲ್ಲ. ಅವಳು ಬಂದು ಪಕ್ಕದಲ್ಲಿ ಕೂತಳು.

"ಅವತ್ತು ಆ ಪೆಟ್ಟಿಗೆ ನೋಡಿ ಅಪ್ಪನೂ ಹೀಗೇ ನಕ್ಕಿದ್ದ ಕಣೋ," ಎಂದಳು ಮೆಲ್ಲಗೆ. "'ನನ್ನ ಎಬ್ಬಿಸಿ ಕೂರಿಸೇ, ನೋಡ್ತೀನಿ' ಅಂದ. ದಿಂಬು ಕೊಟ್ಟು ಕೂರಿಸಿದೆ. ನಕ್ಕು ನಕ್ಕು ಕೆಮ್ಮು ಬಂತು. 'ಮೂಲೆ ಜೋಡಿಸಿರೋದು ನೋಡೇ ಮಗಳೇ, ನಿನ್ನ ಗಂಡನ ಕೈ ಒಳ್ಳೇದು' ಅಂದ."

ಈ ಸಲ ನಾರ್ದು ಕಿವಿ ಮುಚ್ಚಿಕೊಳ್ಳಲಿಲ್ಲ. ತಲೆ ಎತ್ತದೆಯೇ ಹೆಬ್ಬೆರಳನ್ನು ಪೆಟ್ಟಿಗೆಯ ಮೂಲೆಯ ಮೇಲೆ ಆಡಿಸಿದ, ಎರಡು ಹಲಗೆ ಕೂಡಿದ ಗೆರೆ ಎಲ್ಲಿದೆಯೆಂದು ಹುಡುಕುವವನಂತೆ.

ಅಷ್ಟರಲ್ಲಿ ಚರ್ಚಿನ ಗೋಪುರದಿಂದ ಮಾತೆ ಮರಿಯಮ್ಮನ ಸಂಜೆ ಪ್ರಾರ್ಥನೆಯ ಗಂಟೆ ಮೊಳಗತೊಡಗಿತು. ನಗು ಒಂದೊಂದಾಗಿ ಅಡಗಿತು. ಗಂಡಸರು ಟೋಪಿ ತೆಗೆದರು. ಲಂಗದ ಮೀಸೆಯವನು ತಲೆಯ ಮುಸುಕು ಸರಿಪಡಿಸಿಕೊಂಡ. ವೆನ್ಸು ಪೆಟ್ಟಿಗೆಯಲ್ಲಿ ಕೂತಲ್ಲಿಯೇ ತಲೆ ಬಾಗಿಸಿ ಕೈ ಜೋಡಿಸಿದ. ಅವನ ಬಿಳಿ ಕೂದಲಿಗೆ ಬ್ಯಾಂಡಿನವರು ತೂರಿದ್ದ ಹಳದಿ ಕಾಗದದ ಚೂರೊಂದು ಅಂಟಿತ್ತು. ನಾರ್ದು ಅದನ್ನು ಕಂಡು, ಪ್ರಾರ್ಥನೆಯ ನಡುವೆಯೇ ಕೈ ಚಾಚಿ, ಮೆಲ್ಲಗೆ ತೆಗೆದ.