ರೇಡಿಯೋ ಬಂದ್ ಆಗುವ ಮುನ್ನಾದಿನ

ನನ್ನ ಕ್ಷೌರದಂಗಡಿಗೆ ಬರುವವರು ನನ್ನನ್ನು ರೇಡಿಯೋ ಎಂದೇ ಕರೆಯುತ್ತಿದ್ದರು. ಕತ್ತರಿ ನಿಂತರೂ ಇವನ ಬಾಯಿ ನಿಲ್ಲುವುದಿಲ್ಲ ಎಂಬುದು ಅವರ ದೂರು. ಅಂಥವನ ಗಂಟಲಲ್ಲೇ ಗೆಡ್ಡೆ ಬೆಳೆಯಿತು ನೋಡಿ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಡುವ ಮಾತಿದ್ದರೆ ಆಡಿ ಮುಗಿಸಿಬಿಡಿ ಎಂದಿದ್ದರು ಡಾಕ್ಟರು. ಮರುದಿನ ಬೆಳಿಗ್ಗೆ ಆಪರೇಷನ್ನಿತ್ತು.

ಯಾರ ಹತ್ತಿರ ಆಡಲಿ? ಹೆಂಡತಿ ತೀರಿಕೊಂಡಿದ್ದಾಳೆ, ಮಕ್ಕಳಿಲ್ಲ. ಅಂಗಡಿಯೇ ಗತಿ ಎಂದು ಬಾಗಿಲು ತೆಗೆದೆ.

ಬಂದವರೆಲ್ಲ ಕುರ್ಚಿಯಲ್ಲಿ ಕೂತು ಫೋನಿನೊಳಗೆ ಮುಖ ಹುದುಗಿಸುವವರೇ. ಮುಂಚೆ ಕನ್ನಡಿಯಲ್ಲಾದರೂ ಕಣ್ಣಿಗೆ ಕಣ್ಣು ಸಿಗುತ್ತಿತ್ತು. ಈಗ ಗದ್ದ ಹಿಡಿದು ಎತ್ತಿದರೆ ಫೋನೂ ಜೊತೆಗೇ ಮೇಲೆ ಬರುತ್ತದೆ. ಹಳೆಯ ಗಿರಾಕಿ ಪೋಸ್ಟ್‌ಮ್ಯಾನ್‌ಗೆ, "ನಾಳೆಯಿಂದ ನಂಗೆ ಮಾತು ಬರಲ್ಲ ಮಾರಾಯಾ" ಎಂದೆ. "ಒಳ್ಳೇದಾಯ್ತು ಬಿಡು" ಎಂದು ಫೋನಿನ ಮೇಲೆ ಬೆರಳು ಜಾರಿಸಿದ. ತಮಾಷೆಗೆ ಅಂದದ್ದೂ ಅಲ್ಲ, ಕೇಳಿಸಿಕೊಂಡೇ ಇರಲಿಲ್ಲ. ಮೈಯೆಲ್ಲ ಉರಿದುಹೋಯಿತು.

ಸಂಜೆ ತರುಣನೊಬ್ಬ ಬಂದ. ಕಿವಿ ಮುಚ್ಚುವಷ್ಟು ಕೂದಲು. ಅವನ ಕೈಯಲ್ಲೂ ಫೋನಿತ್ತು, ಆದರೆ ನಾನೊಂದು ಮಾತಾಡಿದರೆ "ಹ್ಞೂ" ಎಂದ. ಇನ್ನೊಂದಕ್ಕೆ "ಹೌದಾ?" ಎಂದ. ನನಗಷ್ಟೇ ಸಾಕಾಗಿತ್ತು. ಆಪರೇಷನ್ ವಿಷಯ ಹೇಳಿದೆ. ಹೆದರಿಕೆಯಾಗುತ್ತಿದೆ ಎಂದೆ, ಅದನ್ನು ಯಾರಿಗೂ ಹೇಳಿರಲಿಲ್ಲ. ಆಮೇಲೆ ಹೆಂಡತಿಯ ಸುದ್ದಿಗೆ ಬಂದೆ. ಮದುವೆಯಾದ ಹೊಸತರಲ್ಲಿ ಅವಳು ನನ್ನ ಮಾತಿಗೆ ರೋಸಿಹೋಗಿ ಕಿವಿಗೆ ಹತ್ತಿ ತುರುಕಿಕೊಂಡೇ ಊಟಕ್ಕೆ ಬಡಿಸಿದ್ದಳು. ನಾನೂ ಮುನಿಸಿಕೊಂಡು ಮಾತು ಬಿಟ್ಟಿದ್ದೆ.

"ಎರಡು ದಿನ ಬಾಯೇ ಬಿಡ್ಲಿಲ್ಲ ನಾನು. ಮೂರನೇ ದಿನ ಅವಳೇ ಬಂದು ಏನಂದ್ಳು ಗೊತ್ತಾ?"

"ಹ್ಞೂ."

ಇವನಿಗೆ ಹೇಗೆ ಗೊತ್ತು? ಬಾಚಣಿಗೆಯಿಂದ ಕೂದಲೆತ್ತಿದೆ. ಕಿವಿಯೊಳಗೆ ಬಿಳಿಯ ಇಯರ್‌ಫೋನ್. ಭುಜ ತಟ್ಟಿದೆ. ಬೆಚ್ಚಿಬಿದ್ದು ಒಂದನ್ನು ಕಿತ್ತ.

"ಏನಂದ್ರಿ ಅಂಕಲ್? ಅಮ್ಮನ ಜೊತೆ ಮಾತಾಡ್ತಿದ್ದೆ. ಇದು ಹಾಕ್ಕೊಂಡ್ರೆ ಹೊರಗಿನ ಸದ್ದು ಒಂಚೂರೂ ಕೇಳ್ಸಲ್ಲ."

ಅವನ ಫೋನಿನಲ್ಲಿ ಮ್ಯಾಚ್ ಓಡುತ್ತಿತ್ತು.

"ಏನಿಲ್ಲಪ್ಪ" ಎಂದೆ. ಅಳು ಒತ್ತರಿಸಿ ಬಂತು.

ಅಷ್ಟರಲ್ಲಿ ಅವನು ಇನ್ನೊಂದು ಕಿವಿಗೆ ಕೈಯೊತ್ತಿ, "ಯಾರಿಗಮ್ಮಾ ಆಪರೇಷನ್ನು?" ಎಂದ. ಕನ್ನಡಿಯಲ್ಲಿ ಮೊದಲ ಸಲ ನನ್ನನ್ನು ನೋಡಿದ. ಮುಖ ಪೆಚ್ಚಾಯಿತು.

"ಅಂಕಲ್, ಅಮ್ಮ ಆವಾಗ್ಲೇ ಮಾತು ನಿಲ್ಲಿಸಿದ್ಲಂತೆ. ನನಗೆ ಗೊತ್ತೇ ಆಗ್ಲಿಲ್ಲ. ಫೋನಲ್ಲಿ ನಿಮ್ಮ ಮಾತೆಲ್ಲ ಅವಳಿಗೆ ಕೇಳಿಸಿದೆ. ನಿಮಗೆ ಕೊಡು ಅಂತಿದಾಳೆ."

ಕಿತ್ತದ್ದನ್ನು ಅಂಗಿಗೆ ಒರೆಸಿ ಕೊಟ್ಟ. ಕಿವಿಗೆ ಸಿಕ್ಕಿಸಿಕೊಂಡೆ. ಕಂಡು ಕೇಳರಿಯದ ಹೆಂಗಸಿನ ದನಿ.

"ಇವನಿಗೆ ಫೋನ್ ಮಾಡಿದ್ರೆ ಬರೀ ಹ್ಞೂ, ಹ್ಞೂ. ಗೋಡೆ ಜೊತೆ ಮಾತಾಡಿದ ಹಾಗೆ. ಹೋಗ್ಲಿ ಬಿಡಿ. ಮೂರನೇ ದಿನ ನಿಮ್ಮನೆಯವರು ಏನಂದ್ರು, ಹೇಳಿ ಅಣ್ಣ."

ಕತ್ತರಿ ಕೆಳಗಿಟ್ಟೆ. ಹೇಳಿದೆ.

"ನೀವು ಮಾತಾಡ್ದೇ ಇದ್ರೆ ಮನೇಲಿ ನಾನೊಬ್ಳೇ ಇದ್ದ ಹಾಗಾಗತ್ತೆ, ಅಂದ್ಳು ಕಣಮ್ಮಾ."

ಆ ಕಡೆ ಆಕೆ ಮೂಗೊರೆಸಿಕೊಂಡು, "ಹ್ಞೂ" ಎಂದರು.