ಕರಿಯವ್ವನ ಚಾಟ್ನಿ

ಕುಷ್ಟಗಿಯ ಮುದುಕಪ್ಪನಿಗೆ ದಾಳಿಂಬೆ ಗಿಡ ಗೊತ್ತಿದ್ದಷ್ಟು ಬೇರೇನೂ ಗೊತ್ತಿರಲಿಲ್ಲ. ಎಡವಟ್ಟಾಗಿದ್ದೇ ಅಲ್ಲಿ. ಹೆಂಡತಿ ಕರಿಯವ್ವನ ಕರುಳಿನ ಕ್ಯಾನ್ಸರ್ ಗಡ್ಡೆಯನ್ನು ಡಾಕ್ಟರರು ಕೊಯ್ದು ತೆಗೆದಿದ್ದರು. ರಕ್ತ ತೀರಾ ಕಡಿಮೆಯಿದೆ, ಚೆನ್ನಾಗಿ ಉಣ್ಣಿಸಿ, ಮುಂದಿನ ಸಲ ಬಂದಾಗ ಸಲೈನಿನಲ್ಲಿ ಕಬ್ಬಿಣಾಂಶ ಕೊಡೋಣ ಎಂದು ಮನೆಗೆ ಕಳಿಸಿದ್ದರು.

ಮುದುಕಪ್ಪನಿಗೆ ತನ್ನ ತೋಟ ನೆನಪಾಯಿತು. ದಾಳಿಂಬೆಗೆ ಚಾಟ್ನಿ ಮಾಡಿ, ಅಂದರೆ ಟೊಂಗೆ ಸವರಿ, ಗೊಬ್ಬರ ನೀರು ಕೊಟ್ಟರೆ ಏನಾಗುತ್ತದೆ? ಕೊಯ್ದ ಕಡೆಯೇ ಚಿಗುರು ನುಗ್ಗಿ ಬರುತ್ತದೆ. ಗಡ್ಡೆಯನ್ನೂ ಕೊಯ್ದಿದ್ದಾರೆ. ಈಗ ರಕ್ತ ಏರಿಸಿದರೆ ಚಿಗುರುವುದು ಯಾವುದು?

ಆವತ್ತಿನಿಂದ ರಕ್ತ ಹೆಚ್ಚಿಸುವ ಯಾವ ಪದಾರ್ಥವೂ ಹೆಂಡತಿಯ ಹತ್ತಿರ ಸುಳಿಯದಂತೆ ಕಾವಲು ಕೂತ. ಪಕ್ಕದ ಮನೆಯ ನಾಹೀದಾ ತಂದ ಬೀಟ್‌ರೂಟ್ ಎಮ್ಮೆಯ ಪಾಲಾಯಿತು. ಗಂಗಾವತಿಯಿಂದ ಕರಿಯವ್ವನ ತಂಗಿ ಪಂಪಾವತಿ ತಂದ ಶೇಂಗಾ ಉಂಡೆಯನ್ನು ಚೆಲ್ಲಲು ಮನಸ್ಸು ಬಾರದೆ ತಾನೇ ತಿಂದ. ತೋಟದ ದಾಳಿಂಬೆಯನ್ನೂ ತಾನೇ ತಿಂದ. ಕರಿಯವ್ವನಿಗೆ ಬರೀ ಗಂಜಿ, ಮಜ್ಜಿಗೆ.

"ನನಗೂ ಒಂದ್ ಉಂಡಿ ಕೊಡ್ರಿ," ಎಂದಳು ಕರಿಯವ್ವ.

"ಸುಮ್ನಿರು. ಚಿಗುರ್ತೈತಿ."

"ಏನು ಚಿಗುರ್ತೈತ್ರಿ?"

ಮುದುಕಪ್ಪ ಅಂಗಳಕ್ಕೆ ಹೋಗಿ ಇನ್ನೊಂದು ಉಂಡೆ ಬಾಯಿಗೆ ಹಾಕಿಕೊಂಡ. ಇವಳಿಲ್ಲದ ಮನೆಯನ್ನು ನೆನೆದರೇ ಅವನ ಜೀವ ಬಾಯಿಗೆ ಬರುತ್ತಿತ್ತು.

ಕೊಪ್ಪಳದ ಆಸ್ಪತ್ರೆಗೆ ಮತ್ತೆ ಹೋದಾಗ ಡಾಕ್ಟರ್ ಐಶ್ವರ್ಯ ಬಾಡಿದ ಕರಿಯವ್ವನನ್ನೂ ಅಂಗಿಯ ಗುಂಡಿ ಕೂಡದ ಮುದುಕಪ್ಪನನ್ನೂ ನೋಡಿ, "ರಕ್ತ ಕಾಕಾರಿಗೆ ಏರೇತಲ್ರಿ," ಎಂದರು. ಸಲೈನ್ ಬಾಟಲಿ ತೂಗುಹಾಕಲು ಹೋದರೆ ಮುದುಕಪ್ಪ ಅದರ ಕಂಬ ತಬ್ಬಿ ನಿಂತು ತನ್ನ ಚಾಟ್ನಿ ಶಾಸ್ತ್ರವನ್ನೆಲ್ಲ ಒದರಿದ.

ಡಾಕ್ಟರ್ ನಗಲಿಲ್ಲ. "ನಿಮ್ಮ ಅಂಜಿಕಿ ಪೂರಾ ಸುಳ್ಳಲ್ರಿ. ರಕ್ತ ಹುಟ್ಟಸು ಅಂತ ಮೈಗೆ ಒತ್ತಾಯ ಮಾಡೋ ಇಂಜೆಕ್ಷನ್ ಒಂದೈತಿ. ಅದರಿಂದ ಗಡ್ಡಿ ಬೆಳೀಬಹುದು ಅನ್ನೋ ಅನುಮಾನ ಐತಿ, ಅದಕ್ಕ ಇವರಿಗೆ ಅದನ್ನ ಕೊಡಾಕ ಹತ್ತಿಲ್ಲ. ಇದು ಕಬ್ಬಿಣದ್ದು. ಮೈಯಾಗ ಕಡಿಮಿ ಬಿದ್ದಷ್ಟ ತುಂಬತೀವಿ."

"ಹಂಗಾದ್ರ ಗಡ್ಡಿ ತಿರುಗಿ ಬರೂದಿಲ್ಲ ಅಂತ ಹೇಳ್ರಿ."

"ಅದನ್ನ ನಾ ಹೆಂಗ ಹೇಳ್ಲಿರಿ?"

ಮುದುಕಪ್ಪ ಕಂಬ ಬಿಡಲಿಲ್ಲ. ಕರಿಯವ್ವ ಎದ್ದು ಕೂರಲು ನೋಡಿದಳು, ಆಗಲಿಲ್ಲ. ಮಲಗಿಕೊಂಡೇ ಗಂಡನ ಕಡೆ ತಿರುಗಿದಳು.

"ಬಂದ್ರ ಮತ್ತ ಕೊಯ್ಸೂಣು," ಎಂದಳು. "ಕೊಯ್ಸಿಕೊಳ್ಳಾಕ ನಾ ಇರಬೇಕಲ್ರಿ. ಇಲ್ಲದ ಗಡ್ಡಿನ ಉಪವಾಸ ಕೆಡವಾಕ ಹೋಗಿ, ಇರೋ ನನ್ನ ಕೆಡವೀರಿ."

ಮುದುಕಪ್ಪನ ಕೈ ಸಡಿಲವಾಯಿತು. "ನೀ ಇರು. ಅಷ್ಟ ಸಾಕು," ಎಂದವನು ವಾರ್ಡಿನ ಮಂದಿಯೆಲ್ಲ ನೋಡುತ್ತಿದ್ದಂತೆ ಅತ್ತುಬಿಟ್ಟ.