ದೇವಾಜಮ್ಮನ ಕ್ಯಾಸೆಟ್

ಭಾಗ್ಯಳಿಗೆ ತಾಯಿಯ ಮುಖ ಗೊತ್ತಿಲ್ಲ, ದನಿ ಗೊತ್ತು. ಆ ದನಿ ಅವಳೊಬ್ಬಳಿಗೇ ಏನು, ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಅಷ್ಟೂ ಕಡೆ ಗೊತ್ತು. ಮೂವತ್ತು ವರ್ಷಗಳ ಹಿಂದೆ ‘ಹೊಳೆಯಾಚೆ ತವರು’ ಅಂತ ಜಾನಪದ ಗೀತೆಗಳ ಕ್ಯಾಸೆಟ್ಟೊಂದು ಬಂದಿತ್ತು. ಅದರ ಮೇಲೆ ಹಾಡಿದವರ ಫೋಟೊ ಇರಲಿಲ್ಲ. ಒಂದು ಹೊಳೆ, ಒಂದು ದೋಣಿ, ಕೆಳಗೆ ‘ದೇವಾಜಮ್ಮ ಮತ್ತು ಸಂಗಡಿಗರು’ ಎಂಬ ಅಕ್ಷರ, ಅಷ್ಟೇ. ನಾಟಿ ಹಾಕುವ ಹೆಂಗಸರು ಗದ್ದೆಯಲ್ಲಿ ಬಗ್ಗಿಕೊಂಡು ಹಾಡುವ ಹಾಡುಗಳು. ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ಅದೂ ಹೋಗಿ ಮೆಮೊರಿ ಕಾರ್ಡ್ ಬಂತು, ಈಗ ಎಲ್ಲ ಫೋನಿನಲ್ಲಿ. ಆದರೂ ಮದುವೆ ಮನೆಯಲ್ಲಿ ಚಪ್ಪರ ಹಾಕುವಾಗ ಅದೇ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಸೌದೆ ಒಟ್ಟುವವರಿಗೆ ಅದೇ, ಖಾಸಗಿ ಬಸ್ಸಿನ ಡ್ರೈವರಿಗೂ ಅದೇ.

ಹೊಳೆಯಾಚೆ ತವರೂರು ಹೊಳೆ ತುಂಬಿ ಹರಿದಾದೊ
ದೋಣಿ ನಡೆಸೋಕೆ ಅಣ್ಣಿಲ್ಲ, ನನ್ನವ್ವ
ಕೂಗಿದರೆ ನಿನಗೆ ಕೇಳೀತೆ

ಇದು ಬಂದ ಕೂಡಲೇ ಮಾತಾಡುತ್ತಿದ್ದವರು ಸುಮ್ಮನಾಗುತ್ತಾರೆ. ಮುದುಕಿಯರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ.

ದೇವಾಜಮ್ಮ ಜ್ವರ ಬಂದು ತೀರಿಕೊಂಡಾಗ ಭಾಗ್ಯಳಿಗೆ ಎರಡು ತುಂಬಿರಲಿಲ್ಲ. ಹಾಗಂತ ಅಪ್ಪ ಅಂಕಯ್ಯ ಹೇಳಿದ್ದ. ಸ್ಕೂಲಿಗೆ ಸೇರಿದ ವರ್ಷ ಯಾರದೋ ಮದುವೆಯಲ್ಲಿ ದೊಡ್ಡವ್ವ ಕಿವಿಯಲ್ಲಿ, “ಇದು ನಿಮ್ಮವ್ವ ಕಣಮ್ಮಿ, ಕೇಳು” ಅಂದಳು. ಹುಡುಗಿ ಊಟದ ಪಂಕ್ತಿ ಬಿಟ್ಟೆದ್ದು ಹೋಗಿ ಸ್ಪೀಕರಿನ ಜಾಲರಿಗೆ ಕೆನ್ನೆ ಹಚ್ಚಿ ನಿಂತಿದ್ದಳಂತೆ. ಅಲ್ಲಿಂದಾಚೆಗೆ ಆ ಕ್ಯಾಸೆಟ್ಟೇ ಅವಳ ತಾಯಿ. ಯಾವ ಸಾಲಿನ ನಡುವೆ ಅವ್ವ ಉಸಿರೆಳೆದುಕೊಳ್ಳುತ್ತಾಳೆ, ಎಲ್ಲಿ ದನಿ ಒಂಚೂರು ಒಡೆಯುತ್ತದೆ, ಎಲ್ಲಿ ನಗು ತಡೆದುಕೊಂಡು ಹಾಡುತ್ತಾಳೆ, ಎಲ್ಲ ಅವಳಿಗೆ ಬಾಯಿಪಾಠ. ಮೈ ನೆರೆದಾಗ, ಮದುವೆಯ ಹಿಂದಿನ ದಿನ, ಹೆರಿಗೆಯಾದ ಮಾರನೇ ದಿನ, ಬೇರೆ ಹೆಣ್ಣುಮಕ್ಕಳು ಅವ್ವನ ಮಡಿಲು ಹುಡುಕುವ ಹೊತ್ತಿನಲ್ಲೆಲ್ಲ ಅವಳು ಆ ಹಾಡು ಹಾಕಿಕೊಂಡು ಕೂತಿದ್ದಳು.

ಅಂಕಯ್ಯ ಮಾತ್ರ ಅದನ್ನು ಕೇಳುತ್ತಿರಲಿಲ್ಲ. ತಾನಿರುವಾಗ ಮನೆಯೊಳಗೆ ಹಾಕಲು ಬಿಡುತ್ತಿರಲಿಲ್ಲ. ಬಸ್ಸಿನಲ್ಲಿ ಬಂದರೆ ನಡುದಾರಿಯಲ್ಲಿ ಇಳಿದು ನಡೆದುಕೊಂಡು ಬರುತ್ತಿದ್ದ. “ಎಂಡ್ತಿ ಅಂದ್ರೆ ಅಷ್ಟು ಪ್ರಾಣ ಕಣವ್ವ, ಅವ್ಳ ದನಿ ಕೇಳಕ್ಕಾಗಕಿಲ್ಲ ಅವ್ನಿಗೆ” ಅನ್ನುತ್ತಿದ್ದರು ಊರವರು. ಅವನು ಇನ್ನೊಂದು ಮದುವೆ ಆಗಲಿಲ್ಲ. ತಾನೇ ಮಗಳ ತಲೆ ಬಾಚಿ, ತಾನೇ ಮುದ್ದೆ ತೊಳಸಿ, ಹೈಸ್ಕೂಲಿನವರೆಗೆ ಓದಿಸಿದ. ಒಂದು ದಿನವೂ ಕೈ ಎತ್ತಿದವನಲ್ಲ. ಅಂಥ ಅಪ್ಪ ಯಾರಿಗಿದ್ದಾನೆ ಅಂತ ಭಾಗ್ಯ ಬೀಗುತ್ತಿದ್ದಳು.

ಹೋದ ವರ್ಷ ಅವನಿಗೆ ಲಕ್ವ ಹೊಡೆಯಿತು. ಭಾಗ್ಯ ಅವನನ್ನು ಕೋಟೆ ಪಕ್ಕದ ಹ್ಯಾಂಡ್‌ಪೋಸ್ಟಿನ ತನ್ನ ಮನೆಗೆ ಕರೆತಂದಳು. ಮುಂದೆ ಅವಳ ಟೈಲರಿಂಗ್ ಅಂಗಡಿ, ಹಿಂದೆ ಎರಡು ಕೋಣೆ. ಗಂಡನ ಹೆಸರು ಮಹೇಂದ್ರ, ಗೂಡ್ಸ್ ಗಾಡಿ ಓಡಿಸುತ್ತಿದ್ದ. ಸೀಸನ್ನಿನಲ್ಲಿ ಹೊಗೆಸೊಪ್ಪಿನ ಬೇಲುಗಳನ್ನು ಪಿರಿಯಾಪಟ್ಟಣದ ಹರಾಜಿಗೆ ಸಾಗಿಸುವುದೇ ಕೆಲಸ. ಅಂಕಯ್ಯನ ಬಲಗಡೆ ಪೂರ್ತಿ ಬಿದ್ದುಹೋಗಿತ್ತು. ನಾಲಿಗೆಯಲ್ಲಿ ಉಳಿದದ್ದು ಒಂದೇ ಮಾತು: “ಬ್ಯಾಡ.” ಹಸಿವಾದರೂ ಬ್ಯಾಡ, ಬಾಯಾರಿದರೂ ಬ್ಯಾಡ.

ಕೈಕಾಲು ಆಡಿಸಲು ಬರುತ್ತಿದ್ದ ನರ್ಸಮ್ಮ ಒಂದು ದಿನ, “ಅವ್ರಿಗೆ ಇಷ್ಟವಾದ ಹಾಡು ಹಾಕಿ, ಕೆಲವ್ರಿಗೆ ಮಾತು ಬರುತ್ತೆ” ಅಂದಳು. ಭಾಗ್ಯಳಿಗೆ ಹೊಳೆದದ್ದು ಅದೊಂದೇ. ಇಷ್ಟು ವರ್ಷ ತಡೆದುಕೊಂಡಿದ್ದ ದುಃಖ ಅತ್ತು ಹಗುರಾಗಲಿ ಎಂದು ಫೋನನ್ನು ದಿಂಬಿನ ಹತ್ತಿರ ಇಟ್ಟು ಹಾಡು ಹಾಕಿದಳು.

ಅಂಕಯ್ಯನ ಕಣ್ಣು ಅಗಲವಾದವು. ಸರಿಯಿದ್ದ ಎಡಗೈಯಿಂದ ಒಂದು ಕಿವಿ ಮುಚ್ಚಿಕೊಂಡ. “ಬ್ಯಾಡ, ಬ್ಯಾಡ, ಬ್ಯಾಡ” ಅಂತ ಕೂಗುತ್ತ ಹಾಸಿಗೆಯಲ್ಲೇ ಉಚ್ಚೆ ಮಾಡಿಕೊಂಡ.

ಬಾಗಿಲಲ್ಲಿ ನಿಂತಿದ್ದ ಮಹೇಂದ್ರ, “ಆಫ್ ಮಾಡು” ಅಂದ.

“ಅಳ್ಳಿ ಬುಡಿ. ಅವ್ವನ್ನ ನೆನಸ್ಕಂಡು ಅಳ್ತಾವ್ರೆ.”

“ಅದು ಅಳೋದಲ್ಲ ಕಣಮ್ಮಿ. ಭಯ.”

ಭಾಗ್ಯ ಗಂಡನ ಮೇಲೆ ರೇಗಿದಳು. ಆದರೆ ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು.

ಅದಾಗಿ ಸ್ವಲ್ಪ ದಿನಕ್ಕೆ ಮಹೇಂದ್ರನೇ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದ. ಕೆ.ಆರ್. ನಗರದ ಯಾರೋ ಹುಡುಗರು ಮಿರ್ಲೆಯ ಒಬ್ಬ ಮುದುಕಿಯನ್ನು ಮಾತಾಡಿಸಿದ್ದರು. ಹೆಸರು ಪುಟ್ಟಸಿದ್ದಮ್ಮ. ದೇವಾಜಮ್ಮನ ಹಿಂದೆ ದನಿಗೂಡಿಸಿದವಳು. ಮಿರ್ಲೆ ಅಂದರೆ ಅವ್ವ ಹುಟ್ಟಿದ ಊರು; ಅಜ್ಜಿ ಸತ್ತ ಮೇಲೆ ಅಲ್ಲಿ ಯಾರೂ ಉಳಿದಿಲ್ಲ ಅಂತ ಅಪ್ಪ ಅವಳನ್ನು ಒಂದು ಸಲವೂ ಕರೆದುಕೊಂಡು ಹೋಗಿರಲಿಲ್ಲ. ವಿಡಿಯೊದಲ್ಲಿ ಮುದುಕಿ ನಗುನಗುತ್ತಾ ಮಾತಾಡುತ್ತಿದ್ದಳು. “ಇಷ್ಟು ಹೆಸರಾದ ಮೇಲೆ ಎರಡನೇ ಕ್ಯಾಸೆಟ್ ಯಾಕಜ್ಜಿ ಮಾಡ್ಲಿಲ್ಲ?” ಅಂತ ಕೇಳಿದಾಗ ನಗು ಆರಿಹೋಯಿತು. ಎದ್ದು ಒಳಗೆ ಹೋದವಳು ತಿರುಗಿ ಬರಲಿಲ್ಲ. ಖಾಲಿ ಜಗಲಿ ತೋರಿಸುತ್ತ ವಿಡಿಯೊ ಮುಗಿಯಿತು.

ಮಾರನೇ ದಿನವೇ ಭಾಗ್ಯ ಮಗುವನ್ನು ಸ್ಕೂಲಿಗೆ ಕಳಿಸಿ, ಅಪ್ಪನನ್ನು ನೋಡಿಕೊಳ್ಳಲು ಗಂಡನಿಗೆ ಹೇಳಿ ಹುಣಸೂರಿನ ಬಸ್ಸು ಹತ್ತಿದಳು. ಅಲ್ಲಿಂದ ಕೆ.ಆರ್. ನಗರ, ಅಲ್ಲಿಂದ ಮಿರ್ಲೆ. ನಾಲೆಯ ನೀರು ಬಿಟ್ಟಿದ್ದರು, ಗದ್ದೆಗಳಲ್ಲಿ ನಾಟಿ ನಡೆಯುತ್ತಿತ್ತು. ಯಾರೂ ಹಾಡುತ್ತಿರಲಿಲ್ಲ, ಬದುವಿನ ಮೇಲೊಂದು ಫೋನು ಹಾಡುತ್ತಿತ್ತು.

ಪುಟ್ಟಸಿದ್ದಮ್ಮ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಬಂದವಳ ಮುಖ ನೋಡಿದ್ದೇ ತಡ, ಮೊರ ಕೆಳಗಿಟ್ಟಳು.

“ದೇವಾಜಿ ಮಗಳಲ್ವಾ ನೀನು?”

“ಊಂ ಕಣಜ್ಜಿ. ಎಂಗ್ ಗೊತ್ತಾಯ್ತು?”

“ಅದೇ ಮೊಕ, ಅದೇ ಹಣೆ. ಬಾ ಮಗ, ಕೂತ್ಕೊ.”

ಯಾರೂ ಅವಳಿಗೆ ಆವರೆಗೆ ಆ ಮಾತು ಹೇಳಿರಲಿಲ್ಲ. ಅವಳು ತನ್ನ ಹಣೆಯನ್ನು ತಾನೇ ಮುಟ್ಟಿ ನೋಡಿಕೊಂಡಳು.

ಮುದುಕಿ ನೀರು ಕೊಟ್ಟಳು, ಕಾಫಿ ಕೊಟ್ಟಳು, ಮೈಸೂರಿಗೆ ಹೋಗಿ ಕ್ಯಾಸೆಟ್ಟಿಗೆ ಹಾಡಿದ ಕಥೆ ಹೇಳಿದಳು. ಗೋಡೆಗೆಲ್ಲ ಹಾಸಿಗೆ ಬಡಿದಿದ್ದ ಕೋಣೆಯಂತೆ. ಕೂಸಾಗಿದ್ದ ಭಾಗ್ಯಳನ್ನು ಆಚೆ ಬಿಡಲು ಹೇಳಿದರೆ ದೇವಾಜಮ್ಮ ಒಪ್ಪದೆ, ಮಡಿಲಲ್ಲಿ ಹಾಕಿಕೊಂಡೇ ಹಾಡಿದಳಂತೆ. ಗದ್ದೆಯಲ್ಲಿ ಹಾಡೋದನ್ನ ಕೂತ್ಕೊಂಡು ಹಾಡು ಅಂದರೆ ಹೇಗೆ ಅಂತ ಇಬ್ಬರೂ ನಕ್ಕು ನಕ್ಕು ಸಾಕಾಯಿತಂತೆ. ಭಾಗ್ಯ ಕೇಳುತ್ತ ಕೂತಳು. ಕೊನೆಗೆ, “ಎರಡ್ನೇದು ಯಾಕ್ ಮಾಡ್ಲಿಲ್ಲ ಅಜ್ಜಿ? ಅಷ್ಟೊತ್ತಿಗೆ ಅವ್ವಂಗೆ ಜ್ವರ ಬಂತಾ?” ಅಂದಳು.

ಪುಟ್ಟಸಿದ್ದಮ್ಮ ಮೊರವನ್ನು ಗೋಡೆಯ ಕಡೆ ಸರಿಸಿದಳು.

“ಜ್ವರ ಅಂತ ಯೋಳವ್ನಾ?”

“ಮತ್ತೆ?”

“ನಿಮ್ಮಪ್ಪ ಇನ್ನೂ ಅವ್ನಾ?”

“ಅವ್ರೆ. ಲಕ್ವ ಒಡ್ದು ಮಲಗವ್ರೆ.”

“ಅಂಗಾದ್ರೆ ಯೋಳ್ತೀನಿ. ಇಷ್ಟ್ ದಿನ ನೀನು ಅವನ್ ಕೈಲಿದ್ದೆ, ಅದ್ಕೇ ಬಾಯ್ ಬುಡ್ಲಿಲ್ಲ.” ಮುದುಕಿ ಅವಳ ಕೈ ಹಿಡಿದುಕೊಂಡಳು. “ಕ್ಯಾಸೆಟ್ ಓಡ್ತು. ಓಟ್ಲಲ್ಲಿ, ಸಾರಾಯಿ ಅಂಗ್ಡೀಲಿ, ಎಲ್ಲಾ ಕಡೆ ಅದೇಯ. ಕುಡಿಯಕ್ಕೆ ಕೂತಿದ್ದೋರು ಅವ್ನ ಆಡ್ಕಂಡ್ರಂತೆ. ‘ನಿನ್ನೆಂಡ್ತಿ ನಿಂಗೊಬ್ನಿಗೇ ಅಲ್ಲ ಕಣ್ಲಾ, ನಮ್ಗೂ ಹಾಡ್ತವ್ಳೆ’ ಅಂತ. ಮನೆಗ್ ಬಂದ. ಅವ್ಳನ್ನ ಕೆಡವಿ ಗಂಟ್ಲು ಮೇಲೆ ಕಾಲಿಟ್ಟ.”

ಭಾಗ್ಯ ಕೈ ಎಳೆದುಕೊಳ್ಳಲು ನೋಡಿದಳು. ಮುದುಕಿ ಬಿಡಲಿಲ್ಲ.

“ಸಾಯ್ಲಿಲ್ಲ. ದನಿ ಹೋಯ್ತು. ಎರಡ್ನೇ ಕ್ಯಾಸೆಟ್ ಸುದ್ದಿ ಯೋಳಕ್ಕೆ ಅಂತ ನಾನು ನಿಮ್ಮೂರಿಗೆ ಬಂದಿದ್ದೆ. ಬಾಯ್ ತೆಗುದ್ರೆ ಬರೀ ಉಸ್ರು. ನೀನು ಅಳ್ತಿದ್ದೆ. ಜೋಗುಳ ಹಾಡಕ್ಕೆ ದನಿ ಇಲ್ಲ ಅವ್ಳಿಗೆ. ಎದ್ದೋಗಿ ಟೇಪ್ ರೆಕಾರ್ಡರ್ ಹಾಕಿದ್ಲು ಮಗ. ತನ್ ಹಾಡ್ನೇ ಹಾಕಿ ನಿನ್ನ ಮಲಗಿಸಿದ್ಲು. ನಂಗೆ ನೋಡಕ್ಕಾಗ್ಲಿಲ್ಲ, ಎದ್ದು ಬಂದ್ಬುಟ್ಟೆ. ಆಮೇಲೆ ಒಂದ್ ತಿಂಗ್ಳೂ ಆಗಿರ್ಲಿಲ್ಲ, ಕಪಿಲೆ ಹೊಳೇಲಿ ಸಿಕ್ಕಿದ್ಲು ಅಂದ್ರು.”

ಬೀದಿಯಲ್ಲಿ ಯಾರದೋ ಟ್ರ್ಯಾಕ್ಟರ್ ಹೋಯಿತು. ಭಾಗ್ಯ ಚೀಲ ಎತ್ತಿಕೊಂಡು ಎದ್ದಳು. ಊಟ ಮಾಡಿಕೊಂಡು ಹೋಗು ಅಂತ ಮುದುಕಿ ಎಷ್ಟು ಹೇಳಿದರೂ ಭಾಗ್ಯ ನಿಲ್ಲಲಿಲ್ಲ.

ಮನೆ ಮುಟ್ಟಿದಾಗ ಅಂಕಯ್ಯ ಎಚ್ಚರವಾಗಿದ್ದ. ಬಟ್ಟೆ ಗಲೀಜಾಗಿತ್ತು. ಅವಳು ಎಂದಿನಂತೆ ಬಿಸಿನೀರು ತಂದು ಒರೆಸಿದಳು, ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚಿದಳು, ಪಂಚೆ ಬದಲಾಯಿಸಿದಳು. ಕಾಲು ಒರೆಸುವಾಗ ಬಟ್ಟೆ ಹಿಡಿದ ಕೈ ನಿಂತಿತು. ಬಲಗಾಲೋ, ಎಡಗಾಲೋ? ಆ ಪಾದವನ್ನು ನೋಡುತ್ತ ಕೂತಳು. ಸ್ಕೂಲಿಗೆ ಹೋಗುವಾಗ ಹಳ್ಳ ದಾಟಿಸಲು ಅವಳನ್ನು ಹೆಗಲ ಮೇಲೆ ಹೊತ್ತು ನಡೆದ ಪಾದವೂ ಅದೇ.

“ಅಪ್ಪ, ಅವ್ವನ ಗಂಟ್ಲು ತುಳುದ್ಯಾ?”

ಅವನಿಗಿದ್ದದ್ದು ಒಂದೇ ಮಾತು. ಅದನ್ನೂ ಹೇಳಲಿಲ್ಲ. ಕಣ್ಣು ಮುಚ್ಚಿಕೊಂಡ.

ಅವತ್ತಿನಿಂದ ಭಾಗ್ಯ ದಿನಾ ಹಾಡು ಹಾಕಿದಳು. ಗಂಜಿ ಕುಡಿಸಿ, ಬಾಯಿ ಒರೆಸಿ, ಫೋನು ದಿಂಬಿನ ಹತ್ತಿರ ಇಟ್ಟು ಮೊದಲ ಹಾಡಿನಿಂದ ಕೊನೆಯದರವರೆಗೆ ಕೇಳಿಸಿದಳು. ಅವನು ಗೋಡೆಯ ಕಡೆ ತಿರುಗಲು ಒದ್ದಾಡುತ್ತಿದ್ದ. ಆಗುತ್ತಿರಲಿಲ್ಲ. “ಬ್ಯಾಡ” ಅನ್ನುವುದು ಮೊದಮೊದಲು ಕೂಗಾಗಿತ್ತು, ಆಮೇಲೆ ನರಳಾಟವಾಯಿತು, ಆಮೇಲೆ ತುಟಿ ಮಾತ್ರ ಆಡುತ್ತಿತ್ತು. ಅವಳು ಆ ಕಡೆ ಅಂಗಡಿಯಲ್ಲಿ ಕೂತು ಮಿಷನ್ನು ತುಳಿಯುತ್ತಿದ್ದಳು.

ಒಂದು ಮಧ್ಯಾಹ್ನ ಮಹೇಂದ್ರ ಗಾಡಿ ನಿಲ್ಲಿಸಿ ಬಂದವನು ಒಳಗೆ ಹೋಗಿ ಹಾಡು ನಿಲ್ಲಿಸಿದ. ಫೋನು ತಂದು ಅವಳ ಮುಂದಿಟ್ಟ.

“ಸಾಕು ಬುಡು ಭಾಗ್ಯ.”

“ಕೇಳ್ಲಿ. ಅವ್ರಿಗೇನ್ ಕೈಲಿ ಒಡೀತಿದ್ದೀನಾ ನಾನು?”

“ಇಲ್ಲ. ಅತ್ತೆ ದನೀಲಿ ಒಡೀತಿದ್ದೀಯ. ಅವ್ರು ಅದ್ಕಾ ಹಾಡಿದ್ದು?”

ಅವಳು ಫೋನನ್ನು ಮಿಷನ್ನಿನ ಡ್ರಾಯರಿಗೆ ಹಾಕಿದಳು. ಹಾಡು ಹಾಕುವುದನ್ನು ನಿಲ್ಲಿಸಿದಳು. ಆದರೆ ಅಪ್ಪನ ಹತ್ತಿರ ಮಾತೂ ನಿಂತಿತು. ಗಂಜಿ, ನೀರು, ಮುಲಾಮು, ಬಟ್ಟೆ, ಯಾವುದಕ್ಕೂ ಕೊರತೆ ಮಾಡಲಿಲ್ಲ. ಕಾರ್ತಿಕದ ಒಂದು ಬೆಳಗ್ಗೆ ಗಂಜಿ ತೆಗೆದುಕೊಂಡು ಹೋದಾಗ ಅಂಕಯ್ಯ ತಣ್ಣಗಾಗಿದ್ದ.

ಹೆಣವನ್ನು ಸರಗೂರು ರಸ್ತೆಯ ಸ್ವಂತ ಊರಿಗೆ ಒಯ್ದರು. ಮನೆಯ ಮುಂದೆ ಬೆಂಚಿನ ಮೇಲೆ ಕೂರಿಸಿ ಹೂವಿನ ಹಾರ ಹಾಕಿದರು. ಹುಡುಗರು ಸ್ಪೀಕರ್ ಬಾಕ್ಸ್ ತಂದಿಟ್ಟು ಭಜನೆ ಪದ ಹಾಕಿದ್ದರು. ಜನ ಸೇರಿದ ಮೇಲೆ ಯಾರೋ ಅಂದರು, “ದೇವಾಜಮ್ಮನ ಹಾಡು ಹಾಕ್ರಲಾ. ಪಾಪ, ಎಂಡ್ತಿ ದನಿ ಕೇಳ್ಕಂಡು ಓಗ್ಲಿ ಜೀವ.”

ಹಾಡು ಶುರುವಾಯಿತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಹೆಣದ ಕಾಲ ಹತ್ತಿರ ಕೂತಿದ್ದ ಭಾಗ್ಯ ಎದ್ದು ಹೋಗಿ ವೈರು ಕಿತ್ತಳು. ಸದ್ದು ಕತ್ತರಿಸಿದಂತೆ ನಿಂತಿತು.

“ನಮ್ಮವ್ವಂಗೆ ಜ್ವರ ಬಂದಿರ್ಲಿಲ್ಲ,” ಅಂದಳು. ಅದು ಎಲ್ಲರಿಗೂ ಕೇಳಿಸಿತು. “ಈ ದನೀನ ತುಳ್ದು ಸಾಯ್ಸಿದ್ದು ಇವ್ನೇಯ.”

ಜನ ಬೆಚ್ಚುತ್ತಾರೆ, ಬೈಯುತ್ತಾರೆ, ಸುಳ್ಳು ಅನ್ನುತ್ತಾರೆ ಎಂದು ಅವಳು ಅಂದುಕೊಂಡಿದ್ದಳು. ಯಾರೂ ಬೆಚ್ಚಲಿಲ್ಲ. ಹೆಂಗಸರು ನೆಲ ನೋಡಿದರು. ಗಂಡಸರು ಟವೆಲು ಸರಿಮಾಡಿಕೊಂಡರು. ಅಂಕಯ್ಯನ ಅಣ್ಣ ಚಾಮಯ್ಯ ಕೋಲೂರಿಕೊಂಡು ಹತ್ತಿರ ಬಂದ.

“ಗೊತ್ತು ಕಣವ್ವ. ಊರಿಗೇ ಗೊತ್ತು. ಪೊಲೀಸು ಅಂತ ಹೋದ್ರೆ ನಿಂಗೆ ಅಪ್ಪನೂ ಇಲ್ದಂಗಾಯ್ತದೆ ಅಂತ ಎಲ್ರೂ ಬಾಯ್ ಮುಚ್ಕಂಡೊ.”

ಭಾಗ್ಯ ಅವನನ್ನೇ ನೋಡಿದಳು. ಆಮೇಲೆ ಸುತ್ತ ನಿಂತವರನ್ನು.

“ಬಾಯ್ ಮುಚ್ಕಂಡ್ರಿ. ಹಾಡ್ ಮಾತ್ರ ಕೇಳುದ್ರಿ.”

ಚಾಮಯ್ಯ ಕೋಲೂರಿಕೊಂಡು ಹಿಂದೆ ಸರಿದ. ಯಾರೋ ಹೊತ್ತಾಯಿತು ಅಂದರು. ಹೆಣ ಎತ್ತಿದರು. ಗುಂಡಿಯ ಹತ್ತಿರ ಎಲ್ಲರ ಹಾಗೆ ಅವಳೂ ಒಂದು ಹಿಡಿ ಮಣ್ಣು ಹಾಕಿದಳು. ತಲೆ ಬಾಚಿದ ಕೈಗೆ ಹಾಕಿದೆನೋ, ಗಂಟಲು ತುಳಿದ ಕಾಲಿಗೆ ಹಾಕಿದೆನೋ ಅವಳಿಗೇ ತಿಳಿಯಲಿಲ್ಲ.

ಆಮೇಲೆ ಅವಳು ಹಾಡು ಹಾಕಿಕೊಳ್ಳಲಿಲ್ಲ. ಫೋನಿನಿಂದ ತೆಗೆದುಹಾಕಲೂ ಇಲ್ಲ.

ಬೇಸಿಗೆಯಲ್ಲಿ ಒಂದು ದಿನ ಲೈನಿಂಗ್ ಬಟ್ಟೆ ತರಲು ಹುಣಸೂರಿಗೆ ಹೊರಟಿದ್ದಳು. ಖಾಸಗಿ ಬಸ್ಸು, ತುಂಬಿತ್ತು. ಊರು ದಾಟಿದ ಮೇಲೆ ಡ್ರೈವರ್ ಅದೇ ಹಾಡು ಹಾಕಿದ. ಭಾಗ್ಯ ಇಳಿದುಬಿಡೋಣವೆಂದು ಎದ್ದಳು. ಅಪ್ಪ ಹೀಗೇ ಇಳಿಯುತ್ತಿದ್ದ ಅನ್ನುವುದು ನೆನಪಾಗಿ ಮತ್ತೆ ಕೂತಳು.

ಪಕ್ಕದಲ್ಲಿದ್ದ ಅಪರಿಚಿತ ಮುದುಕಿ ಕಣ್ಣೊರೆಸಿಕೊಂಡು, “ಎಂಥಾ ಕಂಠ ಅಲ್ವವ್ವಾ? ಈಗ ಬದುಕವ್ಳೋ ಇಲ್ವೋ ಪುಣ್ಯಾತ್ಗಿತ್ತಿ” ಅಂದಳು.

“ಇಲ್ಲ ಕಣಜ್ಜಿ. ಗಂಡ ಗಂಟ್ಲು ತುಳ್ದ. ಹೊಳೆಗ್ ಬಿದ್ಲು. ನಾನು ಅವ್ಳ ಮಗಳು.”

ಮುದುಕಿ ಅವಳ ಮುಖವನ್ನು ನೋಡಿದಳು. ಒರಟಾದ ಕೈಯಲ್ಲಿ ಅವಳ ಮೊಣಕೈ ಹಿಡಿದುಕೊಂಡಳು. ಬಸ್ಸು ಕುಲುಕುತ್ತ ಓಡುತ್ತಿತ್ತು. ಭಾಗ್ಯ ಹಾಡನ್ನು ಎಲ್ಲ ತಿಳಿದುಕೊಂಡೇ ಕೇಳಿದಳು, ಒಂದೊಂದು ಸಾಲಿನಲ್ಲೂ ಆ ಪಾದವನ್ನು ಕಾಣುತ್ತಲೇ ಕೇಳಿದಳು. ಹಾಡು ಮೊದಲಿನಷ್ಟೇ ಚೆನ್ನಾಗಿತ್ತು. ಅವಳಿಗೆ ತಡೆಯಲಾಗದೇ ಹೋದದ್ದು ಅದೊಂದೇ.